ತುಟ್ಟಿಯಾದದ್ದಕ್ಕೆ ಮಿಸ್ ಹೇಳಿಕೊಟ್ಟ ಪದಗಳು

ಕಳೆದ ವಾರ ಅಜ್ಜಂಪುರದ ನಮ್ಮ ಪಕ್ಕದ ಮನೆಯಾಕೆ ಮಗುವಿನ ಕಿವಿನೋವಿಗೆಂದು ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸುತ್ತಿದ್ದರು. ಆ ವಾಸನೆ ಕಿಟಕಿಯಿಂದ ಬಂದಾಗ ನಾನು ಮಕ್ಕಳ ನೋಟ್‌ಬುಕ್ ತಿದ್ದುತ್ತಾ ಕೂತಿದ್ದೆ. ಮುಂದೆ ಒಂದು ಸಾಲನ್ನೂ ಓದಲಾಗಲಿಲ್ಲ. ತರೀಕೆರೆಯ ಒಂದು ಮಹಡಿ ಕೋಣೆಯಲ್ಲಿ ಸದಾ ಇರುತ್ತಿದ್ದ ವಾಸನೆ ಅದು. ನಮ್ಮ ಮಿಸ್ ಪಾಠಕ್ಕೆ ಮೊದಲು ಆ ಎಣ್ಣೆಯನ್ನು ಎರಡೂ ಕಿವಿಗೆ ಬಿಟ್ಟುಕೊಳ್ಳುತ್ತಿದ್ದರು. ನಾವು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಕಿವಿಯ ಹತ್ತಿ ತೆಗೆದು ಬಚ್ಚಿಟ್ಟಿರುತ್ತಿದ್ದರು. ವಾಸನೆಯನ್ನು ಮಾತ್ರ ಬಚ್ಚಿಡಲಾಗುತ್ತಿರಲಿಲ್ಲ...

ಆಗ ನನಗೆ ಇಪ್ಪತ್ತಾರು. ಬಿ.ಎಡ್. ಮುಗಿಸಿ ತರೀಕೆರೆಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಕೊಡುತ್ತಿದ್ದೆ. ಇಂಗ್ಲಿಷ್ ಬಾಯಿಗೆ ಬಾರದೆ ಎರಡು ಶಾಲೆಗಳ ಇಂಟರ್‌ವ್ಯೂಗೆ ಹೋಗಿ, ಬೆವರಿ, ವಾಪಸಾಗಿದ್ದೆ. ಮಿಸ್ ಖಾಸಗಿ ಶಾಲೆಯೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಅವರ ಮನೆಮಾತು ದಖ್ಖನಿ ಉರ್ದು. ಆದರೆ ಆ ಕೋಣೆಯಲ್ಲಿ ಅವರೊಡನೆ ದಖ್ಖನಿ ಮಾತಾಡುವವರು ಯಾರೂ ಇರಲಿಲ್ಲ. ಸಂಜೆ ನಾವು ನಾಲ್ವರು ಪಾಠಕ್ಕೆ ಹೋಗುತ್ತಿದ್ದೆವು.

ನಾನು ಎಲ್ಲದಕ್ಕೂ 'ವೆರಿ ವೆರಿ ಕಾಸ್ಟ್ಲಿ' ಎನ್ನುತ್ತಿದ್ದೆ. ಒಂದು ದಿನ ಮಿಸ್ ಪುಸ್ತಕ ಮುಚ್ಚಿದರು.

"ಏನಮ್ಮ, ಬೇಳೆನೂ ಕಾಸ್ಟ್ಲಿ, ಬಂಗಾರನೂ ಕಾಸ್ಟ್ಲಿ? ಎಲ್ಲಾ ಡಬ್ಬಿಗೂ ಒಂದೇ ಚಮಚನ? ಏಳ್ರಿ, ಸಂತೆಗೆ ಹೋಗಾಣ."

ಅವತ್ತು ಸಂತೆಯಲ್ಲಿ ನಾವೇನೂ ಕೊಳ್ಳಲಿಲ್ಲ, ಬರೀ ಬೆಲೆ ಕೇಳುತ್ತಾ ನಡೆದೆವು. ಬೆಲೆ ಹೆಚ್ಚು, ಆದರೆ ಮಾಲೂ ಚೆನ್ನಾಗಿದ್ದರೆ ಎಕ್ಸ್‌ಪೆನ್ಸಿವ್. ಮಾಲಿಗಿಂತ ಬೆಲೆಯೇ ದೊಡ್ಡದಾದರೆ ಓವರ್‌ಪ್ರೈಸ್ಡ್. ಕೇಳಿದ ಕೂಡಲೇ ಸಿಟ್ಟು ಬರುವಂತಿದ್ದರೆ ಎಕ್ಸಾರ್ಬಿಟೆಂಟ್. ಕೊನೆಗೆ ಬಾಳೆಹಣ್ಣಿನ ಗಾಡಿಯ ಹತ್ತಿರ ನಿಂತು ಸ್ಟೀಪ್ ಎಂಬ ಪದ ಹೇಳಿಕೊಟ್ಟರು. ಕಡಿದಾದ ಮೆಟ್ಟಿಲಿಗೂ ಅದೇ ಪದ, ನಮ್ಮ ಕೈಗೆಟುಕದ ಬೆಲೆಗೂ ಅದೇ.

"ಅಂಗಡಿಯವ್ನ ಮನ್ಸೂ ನೋಯ್ಬಾರ್ದು, ನಿಮ್ ಮರ್ಯಾದೆನೂ ಹೋಗ್ಬಾರ್ದು. ಅಂಥ ಕಡೆ ಎ ಲಿಟ್ಲ್ ಸ್ಟೀಪ್ ಅಂದು ನಕ್ಕು ಬಂದ್ಬಿಡ್ರಿ," ಎಂದರು.

ಮರುದಿನ 'ಎಕ್ಸಾರ್ಬಿಟೆಂಟ್' ಎನ್ನಲು ಹೋಗಿ ನಾನು ಏನೋ ಒಂದನ್ನು ಉಸುರಿದೆ. ಮಿಸ್ ನನ್ನ ತುಟಿಗಳನ್ನೇ ನೋಡುತ್ತಿದ್ದವರು "ಗುಡ್" ಎಂದರು. ಉಳಿದವರು ಕಿಸಕ್ಕನೆ ನಕ್ಕರು. ಏಕೆ ನಕ್ಕರೆಂದು ಮಿಸ್‌ಗೆ ತಿಳಿಯಲಿಲ್ಲ. ಅವರೂ ನಕ್ಕರು. ಅವರಿಗೆ ಏನೂ ಕೇಳಿಸುತ್ತಿಲ್ಲವೆಂದು ನಮಗೆಲ್ಲ ಗೊತ್ತಾದದ್ದು ಆಗಲೇ. ಉಚ್ಚಾರಣೆ ಕೇಳಿಸದವರ ಬಳಿ ಉಚ್ಚಾರಣೆ ಕಲಿಯುವುದೇನು ಎಂದು ಒಬ್ಬೊಬ್ಬರೇ ಬಿಟ್ಟರು. ತಿಂಗಳಲ್ಲಿ ನಾನೊಬ್ಬಳೇ ಉಳಿದೆ.

ಯಾವುದೋ ಶಿಬಿರದಲ್ಲಿ ಉಚಿತವಾಗಿ ಕೊಟ್ಟ ಒಂದು ಕಿವಿಯ ಮಿಷನ್ ಅವರಲ್ಲಿತ್ತು. ಹಾಕಿಕೊಂಡರೆ ತಲೆಯೊಳಗೆ ಹಿಟ್ಟಿನ ಗಿರಣಿ ಓಡಿದಂತಾಗುತ್ತದೆ ಎಂದು ಅದನ್ನು ಡಬ್ಬಿಗೆ ಹಾಕಿಟ್ಟಿದ್ದರು. ಒಳ್ಳೆಯದನ್ನು ನೋಡೋಣವೆಂದು ಒಂದು ಭಾನುವಾರ ನಾನೇ ಹಟ ಹಿಡಿದು ಅವರನ್ನು ರೈಲಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ.

ಮಹಡಿಯ ಮೇಲಿದ್ದ ಅಂಗಡಿಯಾತ ಪರೀಕ್ಷೆ ಮಾಡಿ, ಕಡಲೆಬೀಜದಷ್ಟು ಚಿಕ್ಕ ಮಿಷನ್ನನ್ನು ಅವರ ಕಿವಿಗಿಟ್ಟು, ಅರ್ಧ ಗಂಟೆ ಹಾಗೇ ಇರಿ ಎಂದ. ಮಿಸ್ ಕಣ್ಣರಳಿಸಿ ಕೂತರು. ಮೇಲೆ ತಿರುಗುವ ಫ್ಯಾನನ್ನು ನೋಡಿದರು. ಬಳೆ ಅಲ್ಲಾಡಿಸಿ ಕೇಳಿದರು. ನನ್ನತ್ತ ತಿರುಗಿ, "ಏನಾದ್ರೂ ಮಾತಾಡು, ಬೇಟಿ," ಎಂದರು. ರೈಲು ಎಷ್ಟು ಗಂಟೆಗೆ, ಊಟ ಎಲ್ಲಿ ಮಾಡುವುದು ಎಂದೇನೋ ಹೇಳಿದೆ. ಅದನ್ನೇ ಅವರು ತಲೆದೂಗುತ್ತಾ ಕೇಳಿದರು.

ಆಮೇಲೆ ಬೆಲೆ ಕೇಳಿದರು. ಅದು ನನ್ನ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚಿತ್ತು. ಮಿಸ್ ತಾವೇ ಮಿಷನ್ ತೆಗೆದು, ಒರೆಸಿ, ಡಬ್ಬಿಯಲ್ಲಿಟ್ಟು, ನಗುತ್ತಾ ಅಂದರು: "ಇಟ್ ಈಸ್ ಎ ಲಿಟ್ಲ್ ಸ್ಟೀಪ್."

ಅವನು ಗಾಬರಿಯಾಗಿ, "ಮೆಟ್ಲು ಹತ್ತೋದು ಕಷ್ಟ ಆಯ್ತಾ ಮೇಡಂ? ಆ ಕಡೆ ಲಿಫ್ಟ್ ಐತೆ," ಎಂದ.

ಅದನ್ನು ನಾನು ಕಾಗದದ ಮೇಲೆ ಬರೆದು ತೋರಿಸಿದಾಗ ಮಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಲಿಫ್ಟಿನಲ್ಲೇ ಇಳಿದೆವು. ರೈಲು ಭದ್ರಾವತಿ ದಾಟುವವರೆಗೂ ಅವರು ಕಿಟಕಿಯಾಚೆ ನೋಡುತ್ತಿದ್ದರು. ನಂತರ ನನ್ನ ಕೈ ಹಿಡಿದು, "ನಿನ್ ಧ್ವನಿ ಹಿಂಗೈತೆ ಅಂತ ನಂಗೊತ್ತೇ ಇರ್ಲಿಲ್ಲ ಕಣಮ್ಮ. ಒಂಚೂರು ಗಡಸು. ನಾನು ಬ್ಯಾರೆ ಥರ ಅಂದ್ಕೊಂಡಿದ್ದೆ," ಎಂದರು.

ಹಳೆಯ ವಿದ್ಯಾರ್ಥಿಗಳಿಂದ ಹಣ ಕೂಡಿಸುತ್ತೇನೆ ಎಂದು ಬರೆದು ತೋರಿಸಿದೆ. "ಯಾರ್ ಹತ್ರನೂ ಕೇಳ್ಬ್ಯಾಡ," ಎಂದು ಗದರಿದರು. ನಾನು ಕೇಳಲಿಲ್ಲ. ಅವರ ಮಾತನ್ನು ಮೀರಬಾರದೆಂದೋ, ನಾಲ್ಕು ಜನರ ಮುಂದೆ ಕೈಚಾಚುವ ಸಂಕೋಚದಿಂದಲೋ... ಎರಡನೆಯದೇ ಇರಬೇಕು.

ಮುಂದಿನ ವರ್ಷ ನನಗೆ ಅಜ್ಜಂಪುರದ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿತು. ಪ್ರತಿ ಭಾನುವಾರ ಸಂಜೆ ಐದಕ್ಕೆ ಫೋನ್ ಮಾಡುತ್ತೇನೆಂದು ಮಾತು ಕೊಟ್ಟೆ. ಮೊದಲ ಸಲವೇ ಅವರು, "ನಿನ್ ಹೆಸ್ರು ಕಾಣ್ತು. ನಂಗೇನೂ ಕೇಳ್ಸಲ್ಲ. ನಾನೇ ಮಾತಾಡ್ತೀನಿ, ಕೇಳ್ಕೋ," ಎಂದರು. ಮಂಡಿನೋವು, ಹಾಲಿನವಳ ಮಗಳ ಮದುವೆ, ತಾರಸಿಯ ಪಾರಿವಾಳ... ಎಲ್ಲ ಹೇಳಿ "ಸರಿ, ಇಡ್ತೀನಿ" ಎಂದು ಇಡುತ್ತಿದ್ದರು. ನಾನು ಹ್ಞೂಂಗುಟ್ಟಿದರೂ ಅದು ಅವರನ್ನು ಮುಟ್ಟುತ್ತಿರಲಿಲ್ಲ. ಬರಬರುತ್ತಾ ಆ ಫೋನು ನನಗೆ ಭಾರವಾಯಿತು. ಒಂದು ವಾರ ತಪ್ಪಿತು, ಆಮೇಲೆ ಎರಡು, ಆಮೇಲೆ ತಿಂಗಳುಗಳು. ಹೇಗೂ ಅವರಿಗೆ ಕೇಳಿಸುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕೊನೆಯ ವರ್ಷ ಅವರು ಕಡೂರಿನಲ್ಲಿ ತಂಗಿಯ ಮಗಳ ಮನೆಯಲ್ಲಿದ್ದರು. ತೀರಿಕೊಂಡ ಸುದ್ದಿ ನನಗೆ ತಲುಪುವಾಗ ವಾರ ಕಳೆದಿತ್ತು. ಹೋದೆ. ಆ ಹೆಣ್ಣುಮಗಳು ನನಗೆ ಚಹಾ ಕೊಟ್ಟು ಹೇಳಿದರು:

"ಭಾನ್ವಾರ ಐದು ಗಂಟೆ ಆದ್ರೆ ಸಾಕು, ಫೋನ್ ಮುಂದಿಟ್ಕೊಂಡು ಕೂತ್ಬಿಡೋರು ಕಣ್ರೀ. ರಿಂಗ್ ಕೇಳ್ತಿರ್ಲಿಲ್ವಲ್ಲ, ಬೆಳಕು ಬತ್ತದೇನೋ ಅಂತ ನೋಡ್ತಾ. ಕತ್ಲಾಗೋಗಂಟ ಏಳ್ತಿರ್ಲಿಲ್ಲ."

ನಾನೇ ಆ ಫೋನು ಮಾಡಬೇಕಿದ್ದವಳೆಂದು ಅವರಿಗೆ ಹೇಳಲಾಗಲಿಲ್ಲ.

ಮೊನ್ನೆ ಭಾನುವಾರ ಆ ನಂಬರಿಗೆ ಫೋನ್ ಮಾಡಿದೆ. ಅದು ಈಗ ಬೇರೆ ಯಾರಿಗೋ ಸಿಕ್ಕಿದೆ. ಗಂಡಸೊಬ್ಬರು ಎತ್ತಿ, "ಹಲೋ, ಯಾರು?" ಎಂದರು. ಮತ್ತೆ ಅವರೇ, "ಹಲೋ, ಮಾತಾಡ್ರೀ, ಕೇಳುಸ್ತೈತೆ," ಎಂದರು. ಮತ್ತೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಇಟ್ಟುಬಿಟ್ಟರು.