ಲ್ಯಾಪ್‌ಟಾಪಿಗೆ ಹೊರಟ ಹಾಡು

ಮಗಳ ರೋಸ್‌ಗೆ ಇನ್ನು ಹನ್ನೆರಡು ದಿನ ಇರುವಾಗ ನಾನು ಒಂದು ಹೊಸ ನೋಟುಪುಸ್ತಕ ತೆಗೆದು, ಕಾನ್ವೆಂಟಿನಲ್ಲಿ ವಿಜ್ಞಾನದ ಸಿಸ್ಟರ್ ಕಲಿಸಿದ ಹಾಗೆ ಎಡಗಡೆ ಮಾರ್ಜಿನ್ ಎಳೆದು ‘ಉದ್ದೇಶ’ ಎಂದು ಬರೆದೆ. ಅದರ ಮುಂದೆ: ಮಾವ್ಶಿಯ ಫೋನಿನಲ್ಲಿರುವ ಹಾಡನ್ನು ಲ್ಯಾಪ್‌ಟಾಪಿಗೆ ತರುವುದು, ವಾಟ್ಸಾಪ್ ಇಲ್ಲದೆ.

ರೋಸ್ ಎಂದರೆ ಮದುವೆಯ ಹಿಂದಿನ ಸಂಜೆ ಕರಾವಳಿಯ ಕ್ರೈಸ್ತರಾದ ನಮ್ಮವರಲ್ಲಿ ಹುಡುಗಿಗೆ ತೆಂಗಿನ ಹಾಲು ಹಚ್ಚಿ ಸ್ನಾನಕ್ಕೆ ಕಳಿಸುವ ಕ್ರಮ. ಹಾಲು ಹಚ್ಚುವಾಗ ಹೆಂಗಸರು ಸೇರಿ ಹಾಡುವ ಪದಗಳಿಗೆ ವೊವಿಯೊ ಎನ್ನುತ್ತೇವೆ. ಮೊದಲು ದೇವರು, ಆಮೇಲೆ ತೆಂಗಿನಕಾಯಿ, ಆಮೇಲೆ ಗಂಡಿನ ಕಡೆಯವರನ್ನು ಗೇಲಿ ಮಾಡುವುದು. ಹುಡುಗನ ರೋಸ್ ಅದೇ ಸಂಜೆ ಅವನ ಮನೆಯಲ್ಲಿ ನಡೆಯುವುದರಿಂದ ಗೇಲಿ ಮಾಡಿಸಿಕೊಂಡವರಿಗೆ ಅದು ಕೇಳಿಸುವುದಿಲ್ಲ. ಎರಡು ಕಡೆಯವರೂ ಇಷ್ಟು ವರ್ಷ ಚೆಂದದಲ್ಲಿ ಇದ್ದದ್ದು ಅದರಿಂದಲೇ ಇರಬೇಕು.

ಪದ ಕಟ್ಟುವವರು ನನ್ನ ಗಂಡನ ಚಿಕ್ಕಮ್ಮ, ನಮಗೆಲ್ಲ ಮಾವ್ಶಿ. ಕಣ್ಣಿನ ಆಪರೇಷನ್ ಆದ ಮೇಲೆ ಬರೆಯಲಿಕ್ಕೆ ಆಗದೆ ಎಲ್ಲವನ್ನೂ ಫೋನಿನಲ್ಲಿ ಹಾಡಿ ಇಟ್ಟಿದ್ದರು. ಅದನ್ನು ಲ್ಯಾಪ್‌ಟಾಪಿನಲ್ಲಿ ಕೇಳಿ ಟೈಪ್ ಮಾಡಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಹೆಂಗಸರಿಗೆ ಹಂಚುವ ಕೆಲಸ ನನ್ನ ಗಂಡನದ್ದು. ವಾಟ್ಸಾಪ್ ಮಾತ್ರ ಬೇಡ ಎಂದು ಮಾವ್ಶಿಯ ಆಜ್ಞೆ. ಒಮ್ಮೆ ಯಾರಿಗೋ ಕಳಿಸಿದ್ದು ಎಲ್ಲೆಲ್ಲೋ ಸುತ್ತಿ, ಇವರು ಕುಲಶೇಖರದ ಒಂದು ರೋಸ್‌ಗೆ ಹೋಗಿ ಕೂತುಕೊಳ್ಳುವ ಮೊದಲೇ ಅಲ್ಲಿಯವರು ಇವರ ಪದವನ್ನು ಹಾಡುತ್ತಿದ್ದರಂತೆ.

ಬ್ಲೂಟೂತ್‌ನಿಂದ ಶುರು ಮಾಡಿದೆ. ಎರಡೂ ಕಡೆ ಒಂದೇ ನಂಬರ್ ಕಾಣುತ್ತದಾ, ಒಪ್ಪಿಗೆ ಉಂಟಾ ಎಂದು ಕೇಳುವುದು ನೋಡಿದರೆ ಇಗರ್ಜಿಯಲ್ಲಿ ಮದುವೆಯ ಚೀಟಿ ಓದಿ ‘ಆಕ್ಷೇಪ ಇದ್ದರೆ ತಿಳಿಸಿ’ ಎನ್ನುವ ಹಾಗೆ. ಒಪ್ಪಿಗೆ ಆದ ಮೇಲೆ ಮೆಲ್ಲ ಹೊರಟಿತು. ನಾನು ಒಂದು ಕಿಲೋ ಬಂಗುಡೆ ಕ್ಲೀನ್ ಮಾಡಿ ಬಂದಾಗಲೂ ಅರ್ಧದಲ್ಲಿತ್ತು. ಅಷ್ಟರಲ್ಲಿ ಮೀನಿನವಳಿಗೆ ಇನ್ನೊಂದು ಮಾತು ಹೇಳಲಿಕ್ಕೆ ಉಂಟು ಎಂದು ಮಾವ್ಶಿ ಫೋನ್ ಹಿಡಿದುಕೊಂಡೇ ಗೇಟಿನ ತನಕ ಹೋದರು. ಸಂಬಂಧ ಮುರಿಯಿತು.

ಮತ್ತೆ ಒಂದು ಆ್ಯಪ್. ಅದು ಮೊದಲು ನಮ್ಮ ಮನೆ ಎಲ್ಲಿ ಎಂದು ಕೇಳಿತು, ಆಮೇಲೆ ಫೋನಿನಲ್ಲಿರುವ ಎಲ್ಲರ ನಂಬರ್ ಕೇಳಿತು, ಕೊನೆಗೆ ಒಂದು ರಮ್ಮಿ ಆಟದ ಜಾಹೀರಾತು ತೋರಿಸಿತು. ಮಾವ್ಶಿ ನೋಡಿ, “ಹಾಡು ಹೊತ್ತುಕೊಂಡು ಹೋಗುವವನಿಗೆ ಇಷ್ಟು ವಿಷಯ ಎಂತಕ್ಕೆ?” ಎಂದರು. ತೆಗೆದು ಹಾಕಿದೆ.

ಮೂರನೆಯದು ಒಂದು ವೆಬ್‌ಸೈಟ್. ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಅದೇ ಪುಟ ತೆರೆದರೆ ಎರಡಕ್ಕೂ ತಾನೇ ಒಂದೊಂದು ಹೆಸರಿಡುತ್ತದೆ. ಲ್ಯಾಪ್‌ಟಾಪಿಗೆ ನೀಲಿ ಆಮೆ, ಮಾವ್ಶಿಯ ಫೋನಿಗೆ ಬೂದು ಬಾತುಕೋಳಿ. ಮಾವ್ಶಿ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು.

“ಇದಕ್ಕೆ ನನ್ನನ್ನು ಎಲ್ಲಿ ಗೊತ್ತು?”

“ಅದು ಸುಮ್ಮನೆ ಇಡುವ ಹೆಸರು, ಮಾವ್ಶಿ.”

“ಇದು ಇಂಟರ್ನೆಟ್ ಅಲ್ವಾ?”

ಪುಟ ಮಾತ್ರ ಹೊರಗಿನಿಂದ ಬರುವುದು, ಹಾಡು ಮನೆಯ ವೈಫೈಯ ಒಳಗೇ ಹೋಗುವುದು ಎಂದು ಹೇಳಿದೆ. ಅವರು ಒಪ್ಪಲಿಲ್ಲ. “ಬಾಗಿಲು ತೆರೆದಿಟ್ಟು ಒಳಗೆ ಸ್ನಾನ ಮಾಡಿದ ಹಾಗೆ ಉಂಟು,” ಎಂದರು.

ಉಳಿದದ್ದು ಫೋನಿನಲ್ಲೇ ಇರುವ, ಹತ್ತಿರದವರಿಗೆ ಕಳಿಸುವ ವ್ಯವಸ್ಥೆ. ಜಾಹೀರಾತಿಲ್ಲ, ಬಾತುಕೋಳಿಯೂ ಇಲ್ಲ. ಹತ್ತಿರ ಇರುವವರ ಹೆಸರು ಕಾಣುತ್ತದೆ, ಒತ್ತಿದರೆ ಆಯಿತು. ಆದರೆ ಹೆಸರಿನದ್ದೇ ಒಂದು ಸಂಗತಿ ಉಂಟು. ನಮ್ಮ ಮನೆಗೆ ಫೋನೂ ಲ್ಯಾಪ್‌ಟಾಪೂ ಗಲ್ಫಿನಲ್ಲಿರುವ ಮೈದುನನ ಸೂಟ್‌ಕೇಸಿನಲ್ಲೇ ಬರುವುದು. ಎಲ್ಲವನ್ನೂ ಅಲ್ಲೇ ಸರಿ ಮಾಡಿ, ಎಲ್ಲದಕ್ಕೂ ‘ಹೋಮ್’ ಎಂದು ಹೆಸರಿಟ್ಟು ತರುತ್ತಾನೆ. ಕೇಳಿದರೆ, “ಎಲ್ಲ ಮನೆಗೇ ಅಲ್ವಾ ಅತ್ತಿಗೆ,” ಎನ್ನುತ್ತಾನೆ. ಹುಡುಗನ ತಂದೆ ಅವನ ಜೊತೆಯಲ್ಲೇ ಕೆಲಸ ಮಾಡುವವರು, ಸಂಬಂಧ ಕೂಡಿ ಬಂದದ್ದೂ ಹಾಗೆಯೇ. ನಿಶ್ಚಿತಾರ್ಥಕ್ಕೆ ಅವನು ಹುಡುಗನ ತಾಯಿಗೂ ಒಂದು ಫೋನ್ ತಂದುಕೊಟ್ಟಿದ್ದ. ಇದು ನನಗೆ ನೆನಪಾಗಬೇಕಿತ್ತು.

ಆ ಮಧ್ಯಾಹ್ನ ಹುಡುಗನ ತಾಯಿ ಕುಲಶೇಖರದಿಂದ ಬಂದರು. ಮದುವೆಯ ಕೆಂಪು ಸೀರೆ ತಂದಿದ್ದರು. ಮಗಳು ಪಣಂಬೂರಿನಲ್ಲಿ ಆಫೀಸಿಗೆ ಹೋಗಿದ್ದಳು. ರವಿಕೆಯ ಡಿಸೈನಿನ ಫೋಟೋ ಈಗ ಕಳಿಸುತ್ತೇನೆ ಎಂದು ಹೇಳಿ, ಅವರನ್ನು ಹಾಲ್‌ನಲ್ಲಿ ಕೂರಿಸಿ ನಾನು ಅಡುಗೆಮನೆಗೆ ಬಂದೆ. ಮಾವ್ಶಿ ಅಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಚಹಾದ ನೀರು ಕುದಿಯುವ ಹೊತ್ತಿಗೆ ಒಂದು ಕೆಲಸ ಮುಗಿಸುವ ಎಂದು ಅವರ ಫೋನ್ ತೆಗೆದುಕೊಂಡೆ. ‘ಹೋಮ್’ ಎಂದು ಒಂದೇ ಹೆಸರು ಕಂಡಿತು. ಒತ್ತಿದೆ. ಚಹಾಪುಡಿ ಹಾಕುವಷ್ಟರಲ್ಲಿ ಹೋಗಿ ಆಯಿತು. ನೋಟುಪುಸ್ತಕದಲ್ಲಿ ‘ಅತ್ಯುತ್ತಮ’ ಎಂದು ಬರೆದು ಅಡಿಗೆರೆ ಎಳೆಯುತ್ತಿದ್ದೆ.

ಹಾಲ್‌ನಿಂದ ಮಾವ್ಶಿ ಹಾಡುವುದು ಕೇಳಿಸಿತು.

ನಾನು ಮಾವ್ಶಿಯ ಮುಖ ನೋಡಿದೆ. ಅವರು ಬಾಯಿ ಮುಚ್ಚಿಕೊಂಡಿದ್ದರು. ಕೈಯಲ್ಲಿ ಸುಲಿದ ಒಂದು ಎಸಳು.

“ಲ್ಯಾಪ್‌ಟಾಪ್ ಎಲ್ಲುಂಟು?” ಎಂದು ಕೇಳಿದರು.

ಊಟದ ಮೇಜಿನ ಮೇಲೆ ಇತ್ತು. ಮುಚ್ಚಳ ಮುಚ್ಚಿತ್ತು.

ಮೊದಲ ಪದ ದೇವರದ್ದು, ಎರಡನೆಯದು ತೆಂಗಿನಕಾಯಿಯದ್ದು. ಮೂರನೆಯದು ಶುರುವಾಗುವ ಮೊದಲು ಮುಟ್ಟಬೇಕೆಂದು ಹೊರಟೆ. ಬರಿಗೈಯಲ್ಲಿ ಹೋಗಬಾರದೆಂದು ಚಹಾದ ಟ್ರೇ ಹಿಡಿದುಕೊಂಡದ್ದು ತಪ್ಪಾಯಿತು, ಓಡಲಿಕ್ಕೆ ಆಗಲಿಲ್ಲ. ನಾನು ಬಾಗಿಲಿಗೆ ಬರುವಾಗ ಫೋನಿನೊಳಗಿಂದ ಮಾವ್ಶಿಯ ಕಂಠ ಖುಷಿಯಲ್ಲಿ ಹಾಡುತ್ತಿತ್ತು: ಹುಡುಗನ ತಾಯಿ ಸಾನ್ನಾಂ ಬೇಯಿಸಿದರು, ಇಳಿಸಲಿಕ್ಕೆ ಬಂದರಿನಿಂದ ಹಮಾಲರು ಬಂದರು. ಸಾನ್ನಾಂ ಎಂದರೆ ಕಳ್ಳು ಹಾಕಿ ಉಬ್ಬಿಸುವ ನಮ್ಮ ಇಡ್ಲಿ, ಹತ್ತಿಯ ಹಾಗೆ ಇರಬೇಕು.

ಹುಡುಗನ ತಾಯಿ ಅದನ್ನು ನಿಲ್ಲಿಸಿದರು. ಹೆಬ್ಬೆರಳು ಹಾಗೇ ಸ್ಕ್ರೀನಿನ ಮೇಲಿತ್ತು.

“ರವಿಕೆಯ ಫೋಟೋ ಅಂತ ಒತ್ತಿದೆ,” ಎಂದರು.

ಅವರ ಪಕ್ಕದಲ್ಲಿ ಕೆಂಪು ಸೀರೆಯ ಪೆಟ್ಟಿಗೆ ಇನ್ನೂ ಬಿಚ್ಚದೆ ಇತ್ತು. ಹದಿಮೂರು ದಿನ ಕಳೆದರೆ ನನ್ನ ಮಗಳು ಹೋಗಿ ನಿಲ್ಲುವುದು ಇವರ ಅಡುಗೆಮನೆಯಲ್ಲಿ. ಮೊದಲ ದಿನ ಒಲೆಯ ಮೇಲೆ ಸಾನ್ನಾಂ ಇಡುವಾಗ ಇಬ್ಬರಿಗೂ ನೆನಪಾಗುವುದು ಎಂತ?

ಮಾವ್ಶಿ ಸೆರಗಿಗೆ ಕೈ ಒರೆಸುತ್ತಾ ಬಂದರು. “ಎಷ್ಟು ಕೇಳಿದ್ದು?”

“ಹಮಾಲರ ತನಕ.”

“ಹಾಗಾದರೆ ಇನ್ನೂ ಒಂಬತ್ತು ಉಂಟು.”

“ನಿಶ್ಚಿತಾರ್ಥದ ದಿನ ಕಳ್ಳು ಸಿಗಲಿಲ್ಲ ಮಾವ್ಶಿ. ಯೀಸ್ಟ್ ಹಾಕಿದ್ದು.” ಹುಡುಗನ ತಾಯಿ ಬಲಗೈ ಮುಂದೆ ಚಾಚಿದರು. “ಊರಿನವರ ಮದುವೆಗೆಲ್ಲ ಸಾನ್ನಾಂ ಮಾಡಿಕೊಟ್ಟ ಕೈ ಇದು.”

ಮಾವ್ಶಿ ಅವರ ಪಕ್ಕದಲ್ಲೇ ಕೂತರು. “ಮೆತ್ತಗೆ ಇದ್ದಿದ್ದರೆ ನಾನು ಪದ ಕಟ್ಟುವುದು ಯಾವುದರ ಮೇಲೆ, ಬಾಯೆ? ಗಟ್ಟಿ ಅಂತ ಹೇಳಿದ್ದು ಹೌದು. ನಾಲ್ಕು ತಿಂದದ್ದೂ ನಾನೇ.”

ಹುಡುಗನ ತಾಯಿ ಫೋನನ್ನು ಸೆರಗಿನಿಂದ ಒರೆಸಿ, ಏನೋ ಹುಡುಕಿ ಹುಡುಕಿ ಒತ್ತಿದರು. ನನ್ನ ಏಪ್ರನ್ನಿನ ಜೇಬಿನಲ್ಲಿದ್ದ ಮಾವ್ಶಿಯ ಫೋನ್ ಗುಂಯ್ ಎಂದಿತು. ‘ಹೋಮ್’ ಒಂದು ಫೈಲ್ ಕಳಿಸುತ್ತಿದೆ, ಸ್ವೀಕರಿಸುವಿರಾ?

“ನಮ್ಮ ಕಡೆಯದ್ದೂ ಉಂಟು,” ಎಂದರು ಅವರು ಗೋಡೆ ನೋಡುತ್ತಾ. “ಕೇಳಿ. ಆಮೇಲೆ ಚಹಾ ಕುಡಿಯುವ.”

ನಾನು ಯೋಚಿಸುವಷ್ಟರಲ್ಲಿ ಮಾವ್ಶಿ ಜೇಬಿನಿಂದ ಫೋನ್ ಎಳೆದು ಒತ್ತಿ ಆಗಿತ್ತು. ಕುಲಶೇಖರದ ಹೆಂಗಸರು ನನ್ನ ಮೇಲೆ ಹಾಡಿದ್ದರು: ಹುಡುಗಿಯ ತಾಯಿ ಹಪ್ಪಳಕ್ಕೂ ಸ್ಕೇಲ್ ಇಡುತ್ತಾಳೆ, ಬಂಗುಡೆಯನ್ನು ಸಾಲಿನಲ್ಲಿ ನಿಲ್ಲಿಸಿ ಹಾಜರಿ ಕರೆಯುತ್ತಾಳೆ. ನಾನು ಟ್ರೇ ನೋಡಿದೆ. ಮೂರು ಕಪ್ಪಿನ ಹಿಡಿಗಳೂ ಒಂದೇ ಕಡೆಗೆ ತಿರುಗಿದ್ದವು. ಹುಡುಗನ ತಾಯಿಯೂ ಅದನ್ನೇ ನೋಡುತ್ತಿದ್ದರು. ಮೊದಲು ನಕ್ಕದ್ದು ಅವರು, ಬಾಯಿಗೆ ಸೆರಗು ಒತ್ತಿಕೊಂಡು. ಆಮೇಲೆ ನಾನು ಟ್ರೇ ಕೆಳಗಿಡಬೇಕಾಯಿತು.

ಮುಂದಿನ ಪದಕ್ಕೆ ಮಾವ್ಶಿ ಕೈ ಎತ್ತಿದರು. “ನಿಲ್ಲಿ. ಇದು ನನ್ನದು.”

“ನಮಗೆ ವಾಟ್ಸಾಪ್‌ನಲ್ಲಿ ಬಂದದ್ದು,” ಎಂದರು ಹುಡುಗನ ತಾಯಿ.

ಮಾವ್ಶಿ ಪೂರ್ತಿ ಕೇಳಿದರು, ಕಣ್ಣು ಮುಚ್ಚಿ. “ತೆಗೆದುಕೊಂಡದ್ದು ತೆಗೆದುಕೊಂಡಿರಿ. ರಾಗ ಯಾಕೆ ಹಾಳು ಮಾಡಿದ್ದು?” ಎಂದು ಅವರ ಮೊಣಕಾಲಿಗೆ ತಟ್ಟಿ ತಾಳ ಹಾಕಿ ಕಲಿಸಲು ಶುರು ಮಾಡಿದರು.

ನನ್ನ ಗಂಡ ಬಂದಾಗ ಚಹಾ ತಣ್ಣಗಾಗಿತ್ತು. ಇಬ್ಬರು ಹೆಂಗಸರು ಕೆಂಪು ಸೀರೆಯನ್ನು ಬಿಚ್ಚಿ ಮಡಿಲ ಮೇಲೆ ಹರಡಿಕೊಂಡು, ಹಮಾಲರ ಪದವನ್ನು ಒಟ್ಟಿಗೆ ಹಾಡುತ್ತಿದ್ದರು. ಗಂಡ ಲ್ಯಾಪ್‌ಟಾಪ್ ತೆರೆದು ಸ್ವಲ್ಪ ಹೊತ್ತು ಹುಡುಕಿ, “ಹಾಡು ಬಂದಿಲ್ಲವಲ್ಲ ಇದಕ್ಕೆ?” ಎಂದು ಕೇಳಿದರು.