ಎರಡು ಮೊಣಕಾಲಿನ ವಾದ

ಆಗ ನಮ್ಮ ದಾಂಡೇಲಿಯಲ್ಲಿ ನೈಲಾನ್ ಬಟ್ಟೆ ಬಂತೆಂದರೆ ಮುಟ್ಟಿ ನೋಡಲು ಜನ ಬರುತ್ತಿದ್ದರು. ಉತ್ಪ್ರೇಕ್ಷೆ ಎನ್ನಬೇಡಿ. ಮಾವ ಗೋವಾದಿಂದ ಅಣ್ಣನಿಗೆ ನೈಲಾನ್ ಪ್ಯಾಂಟು ತಂದ ದಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂರಲು ಜಾಗವಿರಲಿಲ್ಲ. ಅಣ್ಣ ಗಿರಣಿಯ ಹುಡುಗರ ಫುಟ್‌ಬಾಲ್ ತಂಡದಲ್ಲಿ ಗೋಲು ಕಾಯುತ್ತಿದ್ದ. ಬಿಳಿ ಪ್ಯಾಂಟು, ಗೋಣಿಚೀಲದಷ್ಟು ದಪ್ಪ, ಮೊಣಕಾಲಿಗೆ ಎರಡು ಪದರ. ನಡೆದರೆ ಸರ್ ಸರ್ ಎನ್ನುತ್ತಿತ್ತು.

ಮೊದಲ ಆಟದಲ್ಲೇ ಅದರ ಎರಡೂ ಮೊಣಕಾಲು ಹಸಿರಾದವು. ಮಳೆಗಾಲ ಆಗತಾನೇ ಮುಗಿದಿತ್ತು. ಮೈದಾನದ ಹುಲ್ಲು ಕೊಬ್ಬಿತ್ತು. ಅವ್ವ ಬಾರ್ ಸೋಪು ತಿಕ್ಕಿದಳು, ಅಂಟವಾಳದ ನೊರೆಯಲ್ಲಿ ನೆನೆಸಿದಳು. ಕಲೆ ಕದಲಲಿಲ್ಲ. ಕುದಿಯುವ ನೀರಿಗೆ ಹಾಕುವ ಧೈರ್ಯ ಅವಳಿಗಿರಲಿಲ್ಲ. ಹಿಂದೊಮ್ಮೆ ಮಾವನ ನೈಲಾನ್ ಕರವಸ್ತ್ರಕ್ಕೆ ಕೆಂಡದ ಇಸ್ತ್ರಿ ಇಟ್ಟಾಗ ಅದು ಬೆಲ್ಲದ ಪಾಕದಂತೆ ಕರಗಿ ಇಸ್ತ್ರಿಗೇ ಹತ್ತಿಕೊಂಡಿತ್ತು.

“ರವಿವಾರ ಮತ್ತ ಆಟ ಐತಿ. ಎದುರಿನವರು ನನ್ನ ಮೊಣಕಾಲ ನೋಡಿ, ಎಷ್ಟ ಸಲ ಬಿದ್ದಾನ ಅಂತ ಎಣಸ್ತಾರ” ಎಂದು ಅಣ್ಣ ಗೋಳಾಡಿದ.

ಅಪ್ಪನ ತಾಯಿ, ನಮ್ಮ ಆಯಿ, ಹತ್ತಿರದ ಇಂದೂರೆಂಬ ಹಳ್ಳಿಯವಳು. ಶೇಂಗಾ ಸುಲಿಯುತ್ತಾ ತೀರ್ಪು ಕೊಟ್ಟಳು: “ಒದ್ದಿ ಮಾಡಿ ಹುಲ್ಲಿನ ಮ್ಯಾಲ ಹಾಸ್ರಿ. ಇಬ್ಬನಿ ಬೀಳ್ಲಿ, ಬಿಸಲ ಬೀಳ್ಲಿ. ಒಣಗಿದಂಗ ನೀರ ಚಿಮಕಸ್ರಿ.”

ನಾನು ಒಂಬತ್ತನೆಯ ಇಯತ್ತೆ, ಶಾಲೆಯ ಚರ್ಚಾಕೂಟದ ಮುಂದಾಳು. ಸುಮ್ಮನಿರಲಾದೀತೆ? “ಹುಲ್ಲಿನ ಕಲೆಗೆ ಹುಲ್ಲ ಔಷಧೇನ ಆಯಿ? ಕಳ್ಳನ ಕೈಯಾಗ ಕೀಲಿ ಕೊಟ್ಟಂಗಾತು!”

“ಕಾಲಾಗಿನ ಮುಳ್ಳ ನೀ ಯಾತರಲೆ ತಗೀತಿ?”

“ಗಾದಿಮಾತು ಪುರಾವೆ ಅಲ್ಲ.”

“ಹೌದ ನಮ್ಮವ್ವಾ? ಹಂಗಾರ ನಿನ್ನ ಪುರಾವೆ ತೋರ್ಸು.”

ಇದೇ ಸಮಯವೆಂದು ನಾನು ಪಂಥ ಒಡ್ಡಿದೆ. ಹಳಿಯಾಳದ ಚರ್ಚಾಸ್ಪರ್ಧೆಗೆ ಹೋಗಬೇಕಿತ್ತು, ಅಲ್ಲೇ ಒಂದು ರಾತ್ರಿ ವಸ್ತಿ. ಹುಡುಗಿಗೆ ಪರ ಊರಿನ ವಸ್ತಿ ಬೇಡವೆಂದು ಆಯಿ ಅಡ್ಡ ಬಂದಿದ್ದಳು. ಮನೆಯಲ್ಲಿ ಅವಳ ಮಾತು ದಾಟುವವರಿರಲಿಲ್ಲ. ಎಡ ಮೊಣಕಾಲು ಆಯಿಯದು, ಬಲ ಮೊಣಕಾಲು ನನ್ನದು. ನನ್ನದು ಮೊದಲು ಬಿಳಿಯಾದರೆ ನಾನು ಹಳಿಯಾಳಕ್ಕೆ. ಆಯಿ ಶೇಂಗಾಸಿಪ್ಪೆ ಕೊಡವಿ, “ಆತೇಳು” ಎಂದಳು.

ನನ್ನ ಅಸ್ತ್ರ ವಿಜ್ಞಾನದ ತರಗತಿಯದು. ಎಲೆಯನ್ನು ಸ್ಪಿರಿಟ್ಟಿನಲ್ಲಿ ಕುದಿಸಿದರೆ ಹಸಿರು ಬಿಡುವುದನ್ನು ಕಣ್ಣಾರೆ ಕಂಡಿದ್ದೆ. ಪಂಪ್ ಸ್ಟೋ ಹಚ್ಚುವ ಸ್ಪಿರಿಟ್ಟಿನ ಬಾಟಲಿ ಅಡುಗೆಮನೆಯಲ್ಲೇ ಇತ್ತು. ಪ್ಯಾಂಟಿನ ಬಲಗಾಲನ್ನು ಕಟ್ಟೆಯ ನೆರಳಿನಲ್ಲಿಟ್ಟುಕೊಂಡೆ. ಎಡಗಾಲು ಕೆಳಗೆ ಹುಲ್ಲಿನ ಮೇಲೆ ಚಾಚಿತ್ತು, ಯಾರೋ ಕಟ್ಟೆ ಇಳಿಯಲು ಹೊರಟವರ ಹಾಗೆ.

ಸ್ಪಿರಿಟ್ ಸುರಿದು ತಿಕ್ಕಿದೆ. ಹಸಿರು ಕದಲಿತು! “ಅಣ್ಣಾ, ಬಾರೋ ಇಲ್ಲೆ!” ಎಂದು ಕೂಗಿದೆ. ಅವನು ಬರುವಷ್ಟರಲ್ಲಿ ಅದು ಕದಲುತ್ತಲೇ ಇತ್ತು. ರೂಪಾಯಿಯಗಲದ ಕಲೆ ತಾಟಿನಗಲ ಹಬ್ಬಿ, ಅಂಚಿನಲ್ಲಿ ಬಳೆಯಂತೆ ನಿಂತು ಒಣಗಿತು.

“ಹೊಲ ದೊಡ್ಡದಾತು” ಎಂದ ಅಣ್ಣ.

ಮರುದಿನವೂ ಆಯಿ ತಂಬಿಗೆ ಹಿಡಿದು ಓಡಾಡಿದಳು, ಮಗುವಿಗೆ ನೀರು ಕುಡಿಸಿದಂತೆ ಚಿಮುಕಿಸಿದಳು. ಅವಳ ಮೊಣಕಾಲು ಬಣ್ಣ ಕಳೆದುಕೊಳ್ಳುತ್ತಿತ್ತು. ನಾನು ಬಾಟಲಿ ಬರಿದು ಮಾಡಿ ಅವ್ವನಿಂದ ಬೈಸಿಕೊಂಡೆ.

ಮೂರನೆಯ ದಿನ ಹೊತ್ತು ಮೂಡುವ ಮೊದಲೇ ಎದ್ದೆ. ಬಲಗಾಲನ್ನು ಮೆಲ್ಲಗೆ ಕಟ್ಟೆಯಿಂದ ಹುಲ್ಲಿಗೆ ಎಳೆದೆ. ಕಟ್ಟೆಯ ಮೇಲಿದ್ದ ಆಯಿಯ ತಂಬಿಗೆಯಿಂದ ಅಂಗೈಯಲ್ಲಿ ನೀರು ಹಿಡಿದು ಚಿಮುಕಿಸಿದೆ. ಹಿಂದಿನಿಂದ ಆಯಿಯ ದನಿ:

“ಅದು ನಿನ್ನ ಮೊಣಕಾಲಲ್ಲೇನ?”

ಬಲಗಾಲನ್ನು ಮತ್ತೆ ಕಟ್ಟೆಗೆ ಎಳೆಯಲು ಹೋದೆ. ಆಯಿ ನಗಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಸೋತೇನಿ ಅನ್ನು. ಹಳಿಯಾಳಕ್ಕ ಕಳಸ್ತೇನಿ.”

“ಸೋತವರನ್ಯಾಕ ಕಳಸ್ತಿ?”

“ಅನ್ನಾಕ ಬರ್ತೈತೋ ಇಲ್ಲೋ ನೋಡೂಣು.”

ಹುಲ್ಲಿನ ಇಬ್ಬನಿ ನನ್ನ ಲಂಗದಂಚು ತೋಯಿಸಿತ್ತು. ಅದನ್ನು ಹಿಂಡುತ್ತಾ ಹೇಳಿದೆ: “ನಾ ಸೋತೇನಿ ಆಯಿ.” ಅವಳು ತಂಬಿಗೆಯನ್ನು ನನ್ನ ಕೈಗಿಟ್ಟಳು. ಅವತ್ತು ಎರಡೂ ಮೊಣಕಾಲಿಗೆ ನಾನೇ ನೀರು ಚಿಮುಕಿಸಿದೆ. ರವಿವಾರ ಅಣ್ಣ ಬಿಳಿ ಪ್ಯಾಂಟಿನಲ್ಲಿ ನಿಂತ. ಹತ್ತಿರ ಹೋಗಿ ನೋಡಿದವರಿಗೆ ಮಾತ್ರ ಬಲಗಡೆ ತೆಳುವಾದ ಬಳೆಯೊಂದು ಕಾಣುತ್ತಿತ್ತು.

ಸ್ಪಿರಿಟ್ಟನ್ನು ಸುರಿಯದೆ, ಅರಿವೆಯಿಂದ ಒತ್ತಿ ಹೀರಿಸಿದ್ದರೆ ನಾನೇ ಗೆಲ್ಲುತ್ತಿದ್ದೆ ಎಂಬ ವಾದವನ್ನು ಈಗಲೂ ಬಿಟ್ಟಿಲ್ಲ. ಹಳಿಯಾಳದಲ್ಲಿ ಎರಡನೆಯವಳಾದೆ, ಆಮೇಲೆ ಕಾಲೇಜಿನಲ್ಲಿ ಬಹುಮಾನಗಳು ಬಂದವು. ಆ ಪ್ಯಾಂಟು ಹರಿದು ಚೀಲವಾಯಿತು, ಚೀಲವೂ ಹೋಯಿತು. ಮನೆಯ ಮುಂದಿನ ಹುಲ್ಲಿನ ಮೇಲೆ ಈಗ ಫರಸಿಕಲ್ಲು ಹಾಸಿದ್ದಾರೆ. ಆಯಿ ಇಲ್ಲ. ಇಂದಿಗೂ ವಾದ ಗೆದ್ದು ಮನೆಗೆ ಬರುತ್ತೇನೆ. ಎದುರಾಳಿಯ ತಂಬಿಗೆಯಿಂದ ಎಷ್ಟು ನೀರು ಕದ್ದೆ ಎಂಬುದು ನನಗೆ ಮಾತ್ರ ಗೊತ್ತಿರುತ್ತದೆ. ಹಿಂದೆ ನಿಂತು ಕೇಳುವವರಿಲ್ಲ.