ಉಡಿ ತುಂಬಿ ಬಿಡಿಸಿಕೊಂಡ ಖೋಲಿ

ಒಂದು ಕುಪ್ಪಸದ ಖಣ, ಒಂದು ತೆಂಗಿನಕಾಯಿ, ಐದು ಹಿಡಿ ಅಕ್ಕಿ, ಒಂದು ಅರಿಶಿನದ ಕೊಂಬು, ಓಣಿಯ ಹೆಂಗಸರಿಗೆ ಒಂದು ಹೊತ್ತಿನ ಹೋಳಿಗೆ. ನಿಪ್ಪಾಣಿಯ ನಮ್ಮ ಹಳೆಯ ಮನೆಯ ಮುಂದಿನ ಖೋಲಿಯನ್ನು ಬಾಡಿಗೆದಾರರಿಂದ ಬಿಡಿಸಿಕೊಳ್ಳಲು ನಮ್ಮವ್ವನಿಗೆ ಬಿದ್ದ ಖರ್ಚು ಇಷ್ಟೇ. ಚಿಕ್ಕೋಡಿಯ ವಕೀಲರು ಹೇಳಿದ ಖರ್ಚಿನ ಮುಂದೆ ಇದು ಏನೂ ಅಲ್ಲ. ವ್ಯವಹಾರ ಬಲ್ಲವರು ಕೇಳಿದರೆ ಅಗ್ಗಕ್ಕೆ ಬಿಡಿಸಿಕೊಂಡಿರಿ ಎನ್ನುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆ.

ಈಗ ಹೈವೇ ಕಡೆ ನನ್ನವೇ ಖೋಲಿಗಳಿವೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಕೆಂಪು ಚಟ್ನಿ ಮಾರಿ, ಇಟ್ಟಿಗೆ ಇಟ್ಟಿಗೆಗೂ ಚೌಕಾಶಿ ಮಾಡಿ ಕಟ್ಟಿಸಿದವು. ಮನೆ ಬಾಡಿಗೆಗೆ ಕೊಡುವವರು ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾರೆ. ಕೇಳದವರಿಗೂ ನಾನು ಹೇಳುತ್ತೇನೆ. ಆದರೆ ನಾನು ಈ ವಿದ್ಯೆ ಕಲಿತದ್ದು ಫ್ರಾಕು ತೊಟ್ಟು ಕುಂಟಬಿಲ್ಲೆ ಆಡುವ ವಯಸ್ಸಿನಲ್ಲಿ, ಒಂದು ಮಳೆಗಾಲದಲ್ಲಿ.

ಆಗ ನಮ್ಮ ಓಣಿಯಲ್ಲಿ ಕರಾರುಪತ್ರ ಬರೆಸಿಕೊಂಡವರನ್ನು ನಾನು ಕಾಣೆ. ಬಂದವರಿಗೆ ಚಹಾ ಕುಡಿಸಿ, ಯಾವ ಊರು, ಯಾರ ಪೈಕಿ ಎಂದು ಕೇಳಿ, ಕೀಲಿಕೈ ಕೊಟ್ಟರೆ ಮುಗಿಯಿತು. ನಮ್ಮ ಮನೆಯ ಮುಂದೊಂದು ದೊಡ್ಡ ಖೋಲಿ, ಹಿಂದೆ ನಡುಮನೆ, ಅಡಿಗೆಮನೆ, ಹಿತ್ತಲು. ಮುಂದಿನ ಖೋಲಿಯ ಮಗ್ಗುಲಿಗೆ ತಗಡು ಹೊದಿಸಿದ ಒಂದು ಸಂದಿ. ಹಿಂದಿನ ಮನೆಯಿಂದ ಓಣಿಗೆ ಬರಬೇಕಾದರೆ ನಮಗೆ ಅದೇ ಹಾದಿ. ಮುಂದಿನ ಖೋಲಿ ಅಕ್ಕ ಕಸ್ತೂರಿಯದು. ಆಕೆ ಮದುವೆಯಾಗಿ ರಾಯಬಾಗಕ್ಕೆ ಹೋದ ಮೇಲೆ ಅದು ಖಾಲಿ ಬಿತ್ತು. ಅಪ್ಪ ತಂಬಾಕು ತುಂಬಿಡುವ ವಖಾರಿಯಲ್ಲಿ ತೂಕ ಮಾಡುತ್ತಿದ್ದ. ಅಲ್ಲಿ ಪರಿಚಯವಾದ ದತ್ತೂ ಎಂಬವನಿಗೆ ಖೋಲಿ ಕೊಟ್ಟೆವು. ಕಾಗಲ್ ಕಡೆಯವನು, ಮನೆಮಾತು ಮರಾಠಿ. ರೈತರ ಹತ್ತಿರ ಉಳಿದ ತಂಬಾಕು ಕೊಂಡು ಮಾರುವ ಸಣ್ಣ ವ್ಯಾಪಾರಿ. ಹೆಂಡತಿ ಶೇವಂತಾ. ಮಕ್ಕಳಿರಲಿಲ್ಲ.

ಶೇವಂತಾ ಬಂದ ಹೊಸತರಲ್ಲಿ ಅವ್ವನನ್ನು "ಮಾಲಕೀಣಬಾಯಿ" ಎನ್ನುತ್ತಿದ್ದಳು. ಆಗ ಸಂದಿ ಖಾಲಿ ಇತ್ತು. ಆಮೇಲೆ ಸಕ್ಕರೆ, ಕೊತ್ತಂಬರಿ ಕೇಳಲು ಬರುತ್ತ "ಮಾವಶಿ", ಅಂದರೆ ಚಿಕ್ಕವ್ವ, ಎಂದಳು. ಮಾವಶಿ ಎಂದ ವಾರದಲ್ಲೇ ಸಂದಿಯಲ್ಲಿ ತಂಬಾಕಿನ ಮೊದಲ ಚೀಲ ಬಂದು ಕುಳಿತಿತು.

"ಒಂದ್ ನಾಲ್ಕ ದಿನ ಮಾವಶಿ," ಎಂದ ದತ್ತೂ. "ಖೋಲಿ ಮೂಲ್ಯಾಗ ತಂಪ ಹಿಡದೈತಿ. ಮಾಲು ಬೂಸರ ಬಂದ್ರ ನಾ ಸತ್ತೆ."

ದತ್ತೂನ ನಾಲ್ಕು ದಿನದಲ್ಲಿ ಅಮಾವಾಸ್ಯೆ, ಹುಣ್ಣಿಮೆ ಎರಡೂ ಬಂದುಹೋದವು.

ನಾಗರ ಪಂಚಮಿ ಬಂತು. ಮನೆಮನೆಯಲ್ಲಿ ಅಳ್ಳು ಹುರಿದ ವಾಸನೆ, ಬೇವಿನ ಮರಕ್ಕೆ ಜೋಕಾಲಿ. ಓಣಿಯ ಸೊಸೆಯಂದಿರನ್ನು ತವರಿಗೆ ಕರೆದೊಯ್ಯಲು ಅಣ್ಣ ತಮ್ಮಂದಿರು ಬಂದರು. ಶೇವಂತಾ ನಳದ ಹತ್ತಿರ ಕೊಡ ತುಂಬಿ ಹರಿಯುತ್ತಿದ್ದರೂ ಎತ್ತದೆ ನಿಂತಿದ್ದಳು.

"ಯಾಕಬೇ, ನಿನ್ನ ಕರ್ಯಾಕ ಯಾರೂ ಬರ್ಲಿಲ್ಲೇನು?" ಎಂದಳು ಅವ್ವ.

"ಯಾರ ಬರ್ತಾರ ಮಾವಶಿ? ಆಯಿ ಇಲ್ಲ, ಬಾಬಾ ಇಲ್ಲ. ಅಣ್ಣನ ಹೆಂಡ್ತಿಗೆ ನನ್ನ ಕಂಡ್ರ ಆಗೂದಿಲ್ಲ."

"ಹಂಗಾರ ಇದ ನಿನ್ನ ತವರಮನಿ ಅನ್ಕೋ. ನಾನ ನಿನ್ನ ಅವ್ವ. ನಡಿ, ಬಳಿ ಇಡಿಸ್ಕೋ."

ನಮ್ಮವ್ವ ಕಾಯಿಪಲ್ಲೆ ಮಾರುವವಳಿಂದ ಕರಿಬೇವಿನ ಜೊತೆ ಕೊತ್ತಂಬರಿಯನ್ನೂ ಪುಕ್ಕಟೆ ಕೀಳುವವಳು. ಅಂಥವಳು ವ್ಯವಹಾರದಲ್ಲಿ ಮಾಡಿದ ತಪ್ಪು ಇದೊಂದೇ. ಬಳೆಗಾರ್ತಿಯ ಮುಂದೆ ಕುಳಿತು ಹಸಿರು ಬಳೆ ಇಡಿಸಿಕೊಂಡ ಶೇವಂತಾ ಅವತ್ತಿನಿಂದ "ಅವ್ವಾ" ಎಂದಳು. ಸಂದಿ ತುಂಬತೊಡಗಿತು.

ನಾನು ಸಂದಿಯ ಹಾಸುಗಲ್ಲಿನ ಮೇಲೆ ಇಟ್ಟಿಗೆ ಚೂರಿನಿಂದ ಕುಂಟಬಿಲ್ಲೆಯ ಮನೆಗಳನ್ನು ಬರೆದಿದ್ದೆ. ಚೀಲ ಬಂದಂತೆ ಒಂದೊಂದೇ ಮನೆ ಅಡಿಗೆ ಹೋಯಿತು. ಕೊನೆಗೆ ನನಗೆ ಉಳಿದದ್ದು ಒಂದು ಮನೆ. ಒಂದೇ ಮನೆಯಲ್ಲಿ ಕುಂಟುವುದಕ್ಕೆ ಯಾರೂ ಆಟ ಅನ್ನುವುದಿಲ್ಲ. ಪಾಟಿಚೀಲವನ್ನು ತಲೆಯ ಮೇಲಿಟ್ಟುಕೊಂಡು, ಅಡ್ಡ ತಿರುಗಿ, ಹೊಟ್ಟೆ ಒಳಗೆ ಎಳೆದುಕೊಂಡು ಸಾಲೆಗೆ ಹೋಗುತ್ತಿದ್ದೆ. ತಂಬಾಕಿನ ಘಾಟಿಗೆ ನಮ್ಮ ಮನೆಯಲ್ಲಿ ಸೀನು ಮೊದಲು, ಮಾತು ಆಮೇಲೆ. ರೊಟ್ಟಿ ಮುರಿದರೆ ರೊಟ್ಟಿಗೂ ಅದೇ ವಾಸನೆ. ನಡುಮನೆಗೆ ಬೆಳಕು ಬರುತ್ತಿದ್ದ ಕಿಟಕಿಯನ್ನು ಚೀಲಗಳು ಮುಚ್ಚಿದವು, ಹಗಲಿನಲ್ಲೂ ದೀಪ ಹಾಕುತ್ತಿದ್ದೆವು. ಇನ್ನೊಂದು ಹಾದಿ ಹಿತ್ತಲಿನ ಗಟಾರದ ಓಣಿ. ಮಳೆಗೆ ಅಲ್ಲಿ ಮೊಳಕಾಲ ತನಕ ರಾಡಿ. ಒಮ್ಮೆ ಅವ್ವ ಅಲ್ಲಿಯೇ ಜಾರಿ ಬಿದ್ದು, ಎದ್ದು, ಕೈ ತೊಳೆದು, ಒಲೆಯ ಮುಂದೆ ರೊಟ್ಟಿ ಬಡಿಯಲು ಕುಳಿತಳು.

ಅಷ್ಟರಲ್ಲಿ ರಾಯಬಾಗದಿಂದ ಹೇಳಿಕೆ ಬಂತು. ಗಣಪತಿ ಹಬ್ಬ ಮುಗಿದ ಮೇಲೆ ಕಸ್ತೂರಿಯನ್ನು ಬಾಣಂತನಕ್ಕೆ ಕರೆತಂದು ಬಿಡುತ್ತಾರಂತೆ. ತುಂಬಿದ ಬಸುರಿ ಆ ಸಂದಿಯಲ್ಲಿ ಅಡ್ಡ ತಿರುಗಿದರೂ ಹಾಯುವುದಿಲ್ಲ. ಗಟಾರದ ಓಣಿಯಲ್ಲಿ ಕರೆತರುವಂತಿಲ್ಲ. ಹಾಗೂ ಹೀಗೂ ಒಳಗೆ ತಂದರೂ ಸೋರುವ, ಘಾಟು ಹಿಡಿದ ನಡುಮನೆಯಲ್ಲಿ ಹಸಿ ಕೂಸನ್ನು ಎಲ್ಲಿ ಮಲಗಿಸುವುದು? "ತವರಮನ್ಯಾಗ ಜಾಗಾ ಇಲ್ಲಂದ್ರ ನಮ್ಮಲ್ಲೇ ಆಗ್ಲಿ ಬಿಡ್ರಿ," ಎಂದು ಅಕ್ಕನ ಅತ್ತೆ ಒಂದು ಮಾತು ಅಂದರೆ ಸಾಕು, ಅಕ್ಕ ಜೀವಮಾನವಿಡೀ ಅದನ್ನು ಕೇಳಬೇಕು.

ಸಂಜೆ ಅವ್ವ ಮುಂದಿನ ಖೋಲಿಯ ಬಾಗಿಲಲ್ಲಿ ನಿಂತಳು. ನಾನು ಸೆರಗು ಹಿಡಿದು ಹಿಂದೆ.

"ಶೇವಂತಾ, ಕಸ್ತೂರಿ ಬರಾಕತ್ತಾಳ. ಈ ಖೋಲಿ ನಮಗ ಬೇಕವ್ವಾ."

"ಬರ್ಲಿ ಅವ್ವಾ! ಅಕ್ಕಾನ ಬಾಣಂತನ ನಾನ ಮಾಡ್ತೀನಿ. ಇಕಾ, ಕುಂಚಿಗಿ ಸುದ್ಧಾ ಹೊಲ್ಯಾಕತ್ತೀನಿ," ಎಂದು ಶೇವಂತಾ ಹಳೆಯ ಇಳಕಲ್ ಸೀರೆಯ ಅಂಚು ಕತ್ತರಿಸಿ ಹೊಲಿಯುತ್ತಿದ್ದ ಕೂಸಿನ ಕುಂಚಿಗೆ ತೋರಿಸಿದಳು.

ಒಳಗಿನಿಂದ ದತ್ತೂ ನಕ್ಕ. "ಇಬ್ಬರ ಹೆಣ್ಣಮಕ್ಕಳು ಒಂದ ತವರಮನ್ಯಾಗ ಇರಬಾರ್ದೇನ್ರಿ ಅತ್ತಿ?"

ಅವನು ಅವ್ವನನ್ನು ಅತ್ತಿ ಎಂದದ್ದು ಅದೇ ಮೊದಲು.

"ನಗಚಾಟಗಿ ಸಾಕು ದತ್ತೂ. ಬ್ಯಾರೆ ಜಾಗಾ ನೋಡ್ಕೋ."

"ಹಬ್ಬದಾಗ ಬಳಿ ಇಡ್ಸಿ ಮಗಳಂದ್ರಿ, ಓಣಿಗೆ ಓಣೀನ ನೋಡೇತಿ. ಈಗ ಮಗಳನ್ನ ಹೊರಗ ಹಾಕಿದ್ರ ಮಂದಿ ಏನಂದಾರು? ನಾ ಹೋಗ್ತೇನ್ರಿ, ನನಗೇನು. ಆದ್ರ ನೀವು ಹೊರಗ ಹಾಕಿದ್ರಿ ಅಂತ ಹೇಳಿ ಹೋಗ್ತೇನಿ."

ಅಪ್ಪ ಚಿಕ್ಕೋಡಿಗೆ ಹೋಗಿ ವಕೀಲರನ್ನು ಕಂಡು ಬಂದ. "ಕೇಸ ಹಾಕಿದ್ರ ಕಸ್ತೂರಿ ಕೂಸು ಸಾಲಿಗೆ ಹೋಗೂದ್ರಾಗ ತೀರತೈತಂತ," ಎಂದು ಟೊಪ್ಪಿಗೆ ಗೂಟಕ್ಕೆ ಹಾಕಿದ. "ನೀನ ಹಾಕಿದ ಗಂಟು. ನೀನ ಬಿಚ್ಚು."

ಅವ್ವ ಬಿಚ್ಚಿದ್ದು ಹೀಗೆ. ಮೊದಲು ಅಪ್ಪನ ಕಡೆಯಿಂದ ವಖಾರಿ ಓಣಿಯಲ್ಲಿ ಒಂದು ಬೆಚ್ಚನೆಯ ಖೋಲಿ ಹುಡುಕಿಸಿ, ಕೀಲಿಕೈ ತರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮರುದಿನ ಹೋಳಿಗೆ ಮಾಡಿ ಓಣಿಯ ಹೆಂಗಸರನ್ನೆಲ್ಲ ಊಟಕ್ಕೆ ಕರೆದಳು. ಯಾಕೆಂದು ಯಾರಿಗೂ ಹೇಳಲಿಲ್ಲ. ಊಟವಾದ ಮೇಲೆ ಶೇವಂತಾಳನ್ನು ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಸೆರಗು ಒಡ್ಡೆಂದಳು. ಖಣ, ಕಾಯಿ, ಅರಿಶಿನದ ಕೊಂಬು ಇಟ್ಟು ಅಕ್ಕಿ ಹಾಕಿದಳು.

"ಸುಖದಿಂದ ಹೋಗಿ ಬಾ ಮಗಳ."

ಓಣಿಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ತವರಿನಲ್ಲಿ ಮಗಳಿಗೆ ಹೀಗೆ ಉಡಿ ತುಂಬುವುದು ಗಂಡನ ಮನೆಗೆ ಕಳಿಸುವಾಗ. ಉಡಿ ತುಂಬಿಸಿಕೊಂಡವಳು ಮತ್ತೆ ಕೂರಬಾರದು, ತಿರುಗಿ ನೋಡಬಾರದು, ತನ್ನ ಮನೆ ಮುಟ್ಟುವ ತನಕ ಉಡಿ ಬಿಚ್ಚಬಾರದು. ಎದುರು ಮನೆಯ ಗೌರವ್ವ ತಾನೇ ಕೈ ಹಿಡಿದು ಎಬ್ಬಿಸಿದಳು. "ಏಳ ತಂಗಿ, ಹೊತ್ತ ಮಾಡಬಾರ್ದು."

ಬಾಗಿಲಲ್ಲಿದ್ದ ದತ್ತೂ, "ಎಲ್ಲಿಗೆ ಹೋಗೂದ್ರಿ?" ಎಂದ.

"ನಿನ್ನ ಮನಿಗೆ," ಎಂದು ಅವ್ವ ಕೀಲಿಕೈಯನ್ನು ಅವನ ಅಂಗೈಯಲ್ಲಿಟ್ಟಳು. "ಮಗಳು ತವರಮನ್ಯಾಗ ಎಷ್ಟ ದಿನ ಇರ್ತಾಳಪಾ? ಅಳಿಯಾ ಅದಿ ಹೌದಲ್ಲೋ? ಕರ್ಕೊಂಡ ಹೋಗು."

"ಅತ್ತಿ ಭಾರಿ ಅದಾಳ ನೋಡ ದತ್ತೂ," ಎಂದು ಯಾರೋ ಕಿಸಕ್ಕೆಂದರು. ನಗೆ ಓಣಿಯ ತುಂಬ ಹರಿಯಿತು. ದತ್ತೂ ಕೀಲಿಕೈ ಕಿಸೆಗೆ ಹಾಕಿಕೊಂಡು ಗಾಡಿ ನೋಡಲು ಹೋದ. ಸಂಜೆಯೊಳಗೆ ಟೆಂಪೊ ಬಂದು ಚೀಲಗಳನ್ನೆಲ್ಲ ಹೇರಿಕೊಂಡಿತು. ಹಾಸುಗಲ್ಲಿನ ಮೇಲೆ ನನ್ನ ಕುಂಟಬಿಲ್ಲೆಯ ಗೆರೆಗಳು ಹಾಗೆಯೇ ಇದ್ದವು.

ಚೀಲಗಳಿಗಿಂತ ಮೊದಲೇ ಹೊಸ್ತಿಲು ದಾಟಿದ ಶೇವಂತಾ ರೂಢಿಯಂತೆ ತಿರುಗಿ ನೋಡಲಿಲ್ಲ. ಓಣಿಗೆ ಮುಖ ಮಾಡಿಯೇ ಕೇಳಿದಳು.

"ಅವ್ವಾ, ಬರೂ ಪಂಚಮಿಗಿ ಕರ್ಯಾಕ ಬರ್ತೀರಲಾ?"

"ಬರ್ತೇವವ್ವಾ," ಎಂದಳು ಅವ್ವ.

ಖೋಲಿ ಸಾರಿಸಲು ಹೋದಾಗ ಗೂಟದಲ್ಲಿ ಕುಂಚಿಗೆ ಇತ್ತು, ಗುಂಡಿಯೊಂದು ಹಚ್ಚುವುದು ಬಾಕಿ. ಗುಂಡಿ ಹಚ್ಚಿದವಳು ಅವ್ವ. ಅಕ್ಕನ ಮಗ ಬಾಣಂತನ ಮುಗಿಯುವ ತನಕ ಅದನ್ನೇ ತೊಟ್ಟು ಆ ಖೋಲಿಯಲ್ಲಿ ಬೆಳೆದ.

ಮುಂದಿನ ಪಂಚಮಿಗೆ ಅವ್ವ ಉಂಡಿ ಕಟ್ಟುತ್ತ ಕುಳಿತಿದ್ದಳು. ಅಪ್ಪ ಟೊಪ್ಪಿಗೆ ಹಾಕಿಕೊಂಡು ಬಂದು ನಿಂತ. "ಶೇವಂತಾನ ಕರ್ಕೊಂಡ ಬರ್ಲೇನು?"

ಅವ್ವನ ಕೈ ನಿಂತಿತು. "ಬಂದಾಕಿ ಮತ್ತ ಹೋಗ್ತಾಳೇನು?" ಎಂದಳು.

ಅಪ್ಪ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದ. ಯಾರೂ ಹೋಗಲಿಲ್ಲ. ಅದರ ಮುಂದಿನ ವರ್ಷ ಅಪ್ಪ ಕೇಳದೆಯೇ ಹೋದ. ವಖಾರಿ ಓಣಿಯ ಆ ಖೋಲಿಯಲ್ಲಿ ಬೇರೆಯವರಿದ್ದರು.

ಈಗ ಆ ಹಳೆಯ ಮನೆ ಇಲ್ಲ, ಸಂದಿಯೂ ಇಲ್ಲ. ನನ್ನ ಬಾಡಿಗೆದಾರರು ನನ್ನನ್ನು ಮೇಡಮ್ ಎನ್ನುತ್ತಾರೆ. ಬಾಡಿಗೆ ಮೊಬೈಲಿಗೆ ಬಂದು ಬೀಳುತ್ತದೆ. ಹೋಗುವವರು ಕೀಲಿಕೈಯನ್ನು ಮೀಟರ್ ಡಬ್ಬಿಯ ಮೇಲಿಟ್ಟು ಫೋನಿನಲ್ಲಿ ತಿಳಿಸುತ್ತಾರೆ. ಯಾವ ತಕರಾರೂ ಇಲ್ಲ. ಪಂಚಮಿಯ ದಿನ ಅವರ ಮನೆ ಹೆಣ್ಣುಮಕ್ಕಳನ್ನು ಕರೆಯಲು ಯಾರು ಬಂದರು, ಯಾರು ಬರಲಿಲ್ಲ ಎಂಬುದು ನನಗೆ ಗೊತ್ತಾಗುವುದಿಲ್ಲ. ಗೊತ್ತಾಗದಂತೆಯೇ ನಾನು ಖೋಲಿಗಳನ್ನು ಕಟ್ಟಿಸಿದ್ದೇನೆ. ಅವುಗಳ ಬಾಗಿಲೆಲ್ಲ ನನ್ನ ಮನೆಗೆ ಕಾಣದಂತೆ ಬೇರೆ ಕಡೆಗೆ.

ನೀವು ಖೋಲಿ ಕೊಡುವವರಿದ್ದರೆ ಕೇಳಿ. ಹನ್ನೊಂದು ತಿಂಗಳ ಕರಾರು ಬರೆಸಿ. ಸಂದಿ, ಮೆಟ್ಟಿಲು, ಮಾಳಿಗೆ ಯಾರದು ಎಂದು ಅದರಲ್ಲೇ ಕಾಣಿಸಿ. ನಾಲ್ಕು ದಿನಕ್ಕೆಂದು ಬಂದ ಚೀಲವನ್ನು ಐದನೆಯ ದಿನ ನಿಂತು ಎತ್ತಿಸಿ. ಸಕ್ಕರೆ ಕೊಡಿ, ಕೊತ್ತಂಬರಿ ಕೊಡಿ, ಬೇಕಾದರೆ ಬಾಡಿಗೆಗೆ ಒಂದು ತಿಂಗಳು ತಾಳಿಕೊಳ್ಳಿ. ಸಂಬಂಧದ ಹೆಸರು ಮಾತ್ರ ಬಾಯಿ ತಪ್ಪಿಯೂ ಕೊಡಬೇಡಿ. ಕೊಟ್ಟಿರೋ, ಪಂಚಮಿಗೆ ಕರೆಯಲು ಮನೆಯಿಂದ ಒಬ್ಬರು ಹೋಗಲೇಬೇಕು. ಆ ಖರ್ಚನ್ನೂ ಹಿಡಿದು ಬಾಡಿಗೆ ಹೇಳಿ.